ಒಂದೇ ಬೀದಿ, ಎರಡು ಬ್ಯಾಂಡ್: ಗೋಜೊ ದ್ವೀಪದ ಪುಟ್ಟ ನಗರವೊಂದರ ಕಥೆ

ನಮ್ಮ ಕರಾವಳಿಯ ಯಾವುದೇ ಚರ್ಚಿನ ವಾರ್ಷಿಕ ಹಬ್ಬವನ್ನು ನೆನಪಿಸಿಕೊಂಡರೆ ಕಿವಿಗೆ ಮೊದಲು ಬರುವುದು ಬ್ಯಾಂಡಿನ ಸದ್ದು. ಭ್ರಾತೃತ್ವ ಭಾನುವಾರದ ಪರಮಪ್ರಸಾದದ ಮೆರವಣಿಗೆಗೆ ಬ್ಯಾಂಡ್ ಬೇಕು, ಹಬ್ಬದ ಮುನ್ನಾದಿನದ ವೆಸ್ಪರಕ್ಕೆ ಬೇಕು, ಮದುವೆಯ ದಿಬ್ಬಣಕ್ಕೆ ಬೇಕು, ಕೊನೆಗೆ ಸ್ಮಶಾನದ ದಾರಿಯಲ್ಲಿಯೂ ಬೇಕು. ಆದರೆ ಚರ್ಚ್ ಪಾಲನಾ ಮಂಡಳಿಯ ಸಭೆಯಲ್ಲಿ ಬ್ಯಾಂಡಿನ ವಿಷಯ ಬಂದಾಗ ನಾವು ಕೇಳುವುದು ಒಂದೇ ಪ್ರಶ್ನೆ: “ಈ ಸಲ ಯಾರನ್ನು ಕರೆಸುವುದು, ಎಷ್ಟು ಕೊಡಬೇಕಾಗುತ್ತದೆ?”

ಈ ಪ್ರಶ್ನೆಯನ್ನೇ ಕೇಳದ ಊರೊಂದಿದೆ. ಅಲ್ಲಿ ಬ್ಯಾಂಡನ್ನು ಹೊರಗಿನಿಂದ ಕರೆಸಬೇಕಾಗಿಲ್ಲ, ಅದು ಊರಿನವರದ್ದೇ. ಸುಮಾರು 7 ಸಾವಿರ ಜನರ ಆ ಪುಟ್ಟ ನಗರದಲ್ಲಿ ಒಂದಲ್ಲ, ಎರಡು ಬ್ಯಾಂಡ್ ಸಂಘಗಳಿವೆ. ಎರಡಕ್ಕೂ 160 ವರ್ಷ ದಾಟಿದೆ. ಎರಡಕ್ಕೂ ಸ್ವಂತ ಕಟ್ಟಡವಿದೆ, ಸ್ವಂತ ರಂಗಮಂದಿರವಿದೆ. ಮಾಲ್ಟಾ ದೇಶಕ್ಕೆ ಸೇರಿದ ಗೋಜೊ ದ್ವೀಪದ ವಿಕ್ಟೋರಿಯಾ ನಗರವೇ ಆ ಊರು. ಅಲ್ಲಿನ ಲಾ ಸ್ಟೆಲ್ಲಾ ಮತ್ತು ಲಿಯೋನೆ ಎಂಬ ಎರಡು ಸಂಘಗಳ ಇತಿಹಾಸವನ್ನು ನಾವು ಇಲ್ಲಿ ಓದುಗರ ಮುಂದಿಡುತ್ತಿದ್ದೇವೆ.

ದ್ವೀಪ ಮತ್ತು ನಗರ

ಮೆಡಿಟರೇನಿಯನ್ ಸಮುದ್ರದ ನಡುವಿನ ಮಾಲ್ಟಾ ನಮಗೆ ಬೈಬಲಿನ ಮೂಲಕ ಪರಿಚಿತ. ಸಂತ ಪೌಲರ ಹಡಗು ಒಡೆದು ಅವರು ದಡ ಸೇರಿದ ದ್ವೀಪ ಅದು ಎಂದು ಪ್ರೇಷಿತರ ಕಾರ್ಯಕಲಾಪಗಳಲ್ಲಿ ಓದುತ್ತೇವೆ. ಗೋಜೊ ಅದರ ವಾಯುವ್ಯಕ್ಕಿರುವ ಸಣ್ಣ ದ್ವೀಪ, ದೋಣಿಯಲ್ಲಿ ಅರ್ಧ ಗಂಟೆಯೊಳಗಿನ ಪಯಣ. ವಿಸ್ತೀರ್ಣ 67 ಚದರ ಕಿಲೋಮೀಟರ್ ಮಾತ್ರ. 2021ರ ಜನಗಣತಿಯಂತೆ ಜನಸಂಖ್ಯೆ ಸುಮಾರು 39 ಸಾವಿರ. ಬೇಸಾಯ, ಮೀನುಗಾರಿಕೆ, ಪರವೂರಿಗೆ ವಲಸೆ, ಇತ್ತೀಚೆಗೆ ಪ್ರವಾಸೋದ್ಯಮ - ಅಲ್ಲಿನವರ ಬದುಕಿನ ಪಟ್ಟಿ ನಮ್ಮ ಕರಾವಳಿಯದ್ದಕ್ಕಿಂತ ಬಹಳ ಬೇರೆಯೇನಲ್ಲ.

ದ್ವೀಪದ ಜನ ಬಹಳ ನೋವು ಉಂಡವರು. 1551ರಲ್ಲಿ ಒಟ್ಟೋಮನ್ ಸೈನ್ಯ ದಾಳಿ ಮಾಡಿ ಸುಮಾರು 5 ಸಾವಿರ ಜನರನ್ನು, ಅಂದರೆ ಹೆಚ್ಚುಕಡಿಮೆ ಇಡೀ ದ್ವೀಪವನ್ನೇ, ಗುಲಾಮರನ್ನಾಗಿ ಹೊತ್ತೊಯ್ದಿತು. ಮತ್ತೆ ಜನ ನೆಲೆಸಿ ಊರು ಕಟ್ಟಿಕೊಂಡರು. ಕೋಟೆಯೊಳಗೆ ಲೊರೆಂಜೊ ಗಫಾ ಎಂಬ ವಾಸ್ತುಶಿಲ್ಪಿಯ ನಕ್ಷೆಯಂತೆ 1697ರಿಂದ 1711ರವರೆಗೆ ಹೊಸ ಚರ್ಚ್ ಕಟ್ಟಿದರು. ಸ್ವರ್ಗ ಸ್ವೀಕೃತ ಮಾತೆ ಮರಿಯಮ್ಮನವರಿಗೆ ಸಮರ್ಪಿತವಾದ ಈ ಚರ್ಚೇ ಇಂದಿನ ಕಥೆಡ್ರಲ್. ಕೋಟೆಯಿಂದ ಇಳಿದು ಕೆಲವೇ ನಿಮಿಷ ನಡೆದರೆ ಸಂತ ಜಾರ್ಜರ ಚರ್ಚ್ ಸಿಗುತ್ತದೆ. 1958ರಲ್ಲಿ ಅದಕ್ಕೆ ಬಸಿಲಿಕಾ ಪದವಿ ದೊರೆಯಿತು. ನಮ್ಮ ಕಾರ್ಕಳ ಅತ್ತೂರಿನ ಸಂತ ಲಾರೆನ್ಸರ ಚರ್ಚ್ 2016ರಲ್ಲಿ ಪಡೆದ ಗೌರವವೂ ಇದೇ ಆಗಿದೆ.

ನಗರದ ಹಳೆಯ ಹೆಸರು ರಬಾತ್. ಬ್ರಿಟಿಷರ ಆಳ್ವಿಕೆಯಲ್ಲಿ, 1887ರಲ್ಲಿ, ರಾಣಿಯ ಆಳ್ವಿಕೆಯ 50ನೇ ವರ್ಷದ ನೆನಪಿಗೆ ವಿಕ್ಟೋರಿಯಾ ಎಂದು ಹೆಸರಿಡಲಾಯಿತು. ಊರಿನ ಹಿರಿಯರು ಇಂದಿಗೂ ರಬಾತ್ ಎಂದೇ ಕರೆಯುತ್ತಾರೆ.

ಧರ್ಮಪ್ರಾಂತ್ಯಕ್ಕಿಂತ ಒಂದು ವರ್ಷ ಹಿರಿಯ

ಮಾಲ್ಟಾದಲ್ಲಿ ಬ್ಯಾಂಡ್ ಸಂಘಗಳು ಹುಟ್ಟಿದ್ದು 19ನೇ ಶತಮಾನದ ನಡುಭಾಗದಲ್ಲಿ. ಇದಕ್ಕೆ ಎರಡು ಕಾರಣಗಳು ಕೂಡಿ ಬಂದವು. ಒಂದು, ಬ್ರಿಟಿಷ್ ಸೈನ್ಯದ ಬ್ಯಾಂಡ್‌ಗಳು. ಸಮವಸ್ತ್ರ ಧರಿಸಿ ಸಾಲಾಗಿ ನಡೆಯುತ್ತ ನುಡಿಸುವ ವಾದ್ಯಗಾರರನ್ನು ಊರಿನವರು ದಿನವೂ ನೋಡುತ್ತಿದ್ದರು. ಇನ್ನೊಂದು, ಹತ್ತಿರದ ಇಟಲಿಯ ಪ್ರಭಾವ. ಅಲ್ಲಿನ ಒಪೆರಾ ಸಂಗೀತ, ಅಲ್ಲಿಂದ ಬರುತ್ತಿದ್ದ ಸಂಗೀತ ಗುರುಗಳು, ಊರೂರಿಗೆ ಒಂದು ಬ್ಯಾಂಡ್ ಇರಬೇಕೆಂಬ ಅಲ್ಲಿನ ರೂಢಿ. ಸೈನ್ಯದ ಶಿಸ್ತು ಮತ್ತು ಇಟಲಿಯ ರಾಗ ಎರಡೂ ಸೇರಿ ಚರ್ಚಿನ ಹಬ್ಬದ ಅಂಗಳಕ್ಕೆ ಬಂದಾಗ ಹುಟ್ಟಿದ್ದೇ ಮಾಲ್ಟಾದ ಬ್ಯಾಂಡ್ ಸಂಘ.

ವಿಕ್ಟೋರಿಯಾದಲ್ಲಿ ಎರಡೂ ಸಂಘಗಳು ತಮ್ಮ ಹುಟ್ಟನ್ನು 1863ಕ್ಕೆ ಲೆಕ್ಕ ಹಾಕುತ್ತವೆ. ಲಾ ಸ್ಟೆಲ್ಲಾ ಎಂದರೆ ನಕ್ಷತ್ರ, ಇದು ಸಂತ ಜಾರ್ಜರ ಬಸಿಲಿಕಾದ ಸಂಘ. ಲಿಯೋನೆ ಎಂದರೆ ಸಿಂಹ, ಇದು ಕಥೆಡ್ರಲಿನ ಸಂಘ. ಉಡುಪಿ ಧರ್ಮಪ್ರಾಂತ್ಯವು 2012ರಲ್ಲಿ ಮಂಗಳೂರಿನಿಂದ ಬೇರ್ಪಟ್ಟಂತೆ ಗೋಜೊ ಧರ್ಮಪ್ರಾಂತ್ಯವು ಮಾಲ್ಟಾದಿಂದ ಬೇರ್ಪಟ್ಟದ್ದು 1864ರಲ್ಲಿ, ಜಗದ್ಗುರು ಒಂಬತ್ತನೇ ಪಿಯುಸರ ಕಾಲದಲ್ಲಿ. ಅಂದರೆ ಊರಿನ ಬ್ಯಾಂಡ್‌ಗಳು ಊರಿನ ಧರ್ಮಪ್ರಾಂತ್ಯಕ್ಕಿಂತ ಒಂದು ವರ್ಷ ಹಿರಿಯ! ಇಂದು ಧರ್ಮಸಭೆಯ ಸಿನೊಡಿನ ಮಹಾಕಾರ್ಯದರ್ಶಿ ಎಂದು ನಾವೆಲ್ಲ ಹೆಸರು ಕೇಳಿರುವ ಕಾರ್ಡಿನಲ್ ಮಾರಿಯೊ ಗ್ರೆಕ್ ಅವರು ಹಿಂದೆ ಇದೇ ಧರ್ಮಪ್ರಾಂತ್ಯದ ಧರ್ಮಾಧ್ಯಕ್ಷರಾಗಿದ್ದರು ಎಂಬುದು ಉಲ್ಲೇಖನೀಯ.

ಸಂಘ ನಡೆಯುವ ಬಗೆ

ಬ್ಯಾಂಡ್ ಸಂಘ ಎಂದರೆ ಬರೀ ವಾದ್ಯಗಾರರ ಗುಂಪಲ್ಲ. ಅದರ ಸದಸ್ಯರಲ್ಲಿ ಹೆಚ್ಚಿನವರಿಗೆ ಯಾವ ವಾದ್ಯವನ್ನೂ ನುಡಿಸಲು ಬಾರದು. ಅವರು ವರ್ಷಕ್ಕಿಷ್ಟು ಎಂದು ಚಂದಾ ಕೊಟ್ಟು ಸದಸ್ಯರಾಗುತ್ತಾರೆ. ಮಹಾಸಭೆಯಲ್ಲಿ ಸಮಿತಿಯನ್ನು ಆರಿಸುತ್ತಾರೆ. ಅಧ್ಯಕ್ಷ, ಕಾರ್ಯದರ್ಶಿ, ಖಜಾಂಚಿ ಎಂಬ ಹುದ್ದೆಗಳು ನಮ್ಮ ಸಂಘಗಳಲ್ಲಿ ಇರುವಂತೆಯೇ. ಬ್ಯಾಂಡಿನ ಸಂಗೀತ ನಿರ್ದೇಶಕರನ್ನು ಎಲ್ಲರೂ ಮಾಯೆಸ್ತ್ರೊ ಎಂದು ಗೌರವದಿಂದ ಕರೆಯುತ್ತಾರೆ.

ಸಂಘದ ಬೇರು ಇರುವುದು ಅದರ ಸಂಗೀತ ಶಾಲೆಯಲ್ಲಿ. ಮಗುವಿಗೆ ಏಳೆಂಟು ವರ್ಷವಾದಾಗ ತಂದೆ ತಾಯಿ ಸಂಘದ ಕಟ್ಟಡಕ್ಕೆ ಕರೆತರುತ್ತಾರೆ. ಮೊದಲು ಕೈಗೆ ವಾದ್ಯ ಕೊಡುವುದಿಲ್ಲ. ಸ್ವರಲಿಪಿ ಓದುವುದನ್ನು, ತಾಳ ಹಾಕುತ್ತ ಬಾಯಲ್ಲಿ ಸ್ವರ ಹೇಳುವುದನ್ನು ಕಲಿಸುತ್ತಾರೆ. ಅದು ಕೈವಶವಾದ ಮೇಲೆ ಕ್ಲಾರಿನೆಟ್ಟೋ, ಟ್ರಂಪೆಟ್ಟೋ, ಹಾರ್ನೋ ಸಿಗುತ್ತದೆ. ಪಾಠ ಸಾಮಾನ್ಯವಾಗಿ ಉಚಿತ, ವಾದ್ಯ ಸಂಘದ್ದು. ದುಬಾರಿ ವಾದ್ಯ ಕೊಳ್ಳಲಾಗದ ಮೀನುಗಾರನ ಮಗನೂ ಸಂಗೀತ ಕಲಿತದ್ದು ಈ ವ್ಯವಸ್ಥೆಯಿಂದಲೇ. ಹಿಂದೆ ಬ್ಯಾಂಡಿನಲ್ಲಿ ಗಂಡಸರು ಮಾತ್ರ ಇದ್ದರು. ಈಗ ಹುಡುಗಿಯರೂ ಸಮವಸ್ತ್ರ ಧರಿಸಿ ಸಾಲಿನಲ್ಲಿ ನಡೆಯುತ್ತಾರೆ.

ಹೀಗೆ ಊರಿನ ಬ್ಯಾಂಡಿನಲ್ಲಿ ಬೆಳೆದವರು ದೇಶದ ಹೆಸರಾಂತ ಸಂಗೀತಗಾರರಾದದ್ದೂ ಉಂಟು. ವಿಕ್ಟೋರಿಯಾದಲ್ಲಿ ಹುಟ್ಟಿದ ಜೋಸೆಫ್ ವೆಲ್ಲಾ (1942–2018) ಮಾಲ್ಟಾದ ಪ್ರಮುಖ ಸಂಗೀತ ರಚನಕಾರರಲ್ಲಿ ಒಬ್ಬರು. ಸಿಂಫನಿಗಳನ್ನೂ ದೇವಾರಾಧನೆಯ ಸಂಗೀತವನ್ನೂ ರಚಿಸಿದ ಅವರು ಹತ್ತಾರು ವರ್ಷ ಲಾ ಸ್ಟೆಲ್ಲಾ ಬ್ಯಾಂಡಿನ ನಿರ್ದೇಶಕರಾಗಿಯೂ ದುಡಿದರು. ದೊಡ್ಡ ವೇದಿಕೆ ಸಿಕ್ಕಿತೆಂದು ಊರಿನ ಬೀದಿಯ ಬ್ಯಾಂಡನ್ನು ಅವರು ಬಿಡಲಿಲ್ಲ.

ಖರ್ಚಿಗೆ ಹಣ ಎಲ್ಲಿಂದ? ಸಂಘದ ಕಟ್ಟಡದಲ್ಲಿ ಕಾಫಿ, ಪಾನೀಯದ ಬಾರ್ ಇರುತ್ತದೆ. ಸಂಜೆ ಹಿರಿಯರು ಅಲ್ಲಿ ಕುಳಿತು ಹರಟುತ್ತಾರೆ, ಅದರ ಆದಾಯ ಸಂಘಕ್ಕೆ. ಹಬ್ಬಕ್ಕೆ ಮುನ್ನ ಮನೆಮನೆಗೆ ಹೋಗಿ ದೇಣಿಗೆ ಸಂಗ್ರಹಿಸುತ್ತಾರೆ. ತಂಬೋಲಾ, ಲಾಟರಿ, ಊಟದ ಕೂಟಗಳಿಂದ ಒಂದಿಷ್ಟು. ಎರಡನೇ ಮಹಾಯುದ್ಧದ ನಂತರ ಆಸ್ಟ್ರೇಲಿಯಾ, ಕೆನಡಾ, ಇಂಗ್ಲೆಂಡಿಗೆ ವಲಸೆ ಹೋದ ಮನೆಯವರು ಕಳುಹಿಸುವ ಹಣ ಒಂದಿಷ್ಟು. ಗಲ್ಫಿನಿಂದ ಬರುವ ದೇಣಿಗೆಯಿಂದ ಚರ್ಚಿನ ಸಭಾಭವನ ಎದ್ದು ನಿಂತದ್ದನ್ನು ಕಂಡ ನಮಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಇದಲ್ಲದೆ ಒಂದು ಊರಿನ ಹಬ್ಬಕ್ಕೆ ಇನ್ನೊಂದು ಊರಿನ ಬ್ಯಾಂಡ್ ಅತಿಥಿಯಾಗಿ ಹೋಗಿ ನುಡಿಸುವ ವಾಡಿಕೆಯೂ ಇದೆ.

ಹಬ್ಬದ ದಿನಗಳು

ಸಂತ ಜಾರ್ಜರ ಸ್ಮರಣೆ ಪಂಚಾಂಗದಲ್ಲಿ ಏಪ್ರಿಲ್ 23ರಂದು ಬಂದರೂ ವಿಕ್ಟೋರಿಯಾದಲ್ಲಿ ಹೊರಗಿನ ಸಂಭ್ರಮ ಜುಲೈ ತಿಂಗಳ ಮೂರನೇ ಭಾನುವಾರ. ಮರಿಯಮ್ಮನವರ ಹಬ್ಬ ಆಗಸ್ಟ್ 15ರಂದು. ಮಾಲ್ಟಾದವರಿಗೆ ಈ ದಿನಕ್ಕೆ ಇನ್ನೊಂದು ಅರ್ಥವೂ ಇದೆ. 1942ರಲ್ಲಿ ಯುದ್ಧದ ಮುತ್ತಿಗೆಯಿಂದ ದ್ವೀಪ ಹಸಿವಿನ ಅಂಚಿಗೆ ಬಂದಿದ್ದಾಗ ಓಹಿಯೊ ಎಂಬ ಜಖಂಗೊಂಡ ತೈಲದ ಹಡಗು ಬಂದರು ಸೇರಿದ್ದು ಸರಿಯಾಗಿ ಆಗಸ್ಟ್ 15ರಂದು. ಆ ಹಡಗುಗಳ ಸಾಲನ್ನು ಜನ ಇಂದಿಗೂ ಸಾಂತಾ ಮರಿಯಾ ಎಂಬ ಹೆಸರಿನಿಂದಲೇ ನೆನೆಯುತ್ತಾರೆ.

ಹಬ್ಬದ ವಾರದಲ್ಲಿ ಬೀದಿಗೆ ಬಟ್ಟೆಯ ತೋರಣ, ಮರದ ಕಂಬಗಳ ಮೇಲೆ ಸಂತರ ಪ್ರತಿಮೆ, ರಾತ್ರಿ ಸುಡುಮದ್ದು. ಪ್ರಧಾನ ಬೀದಿಯಾದ ರಿಪಬ್ಲಿಕ್ ಸ್ಟ್ರೀಟಿನ ಏರಿನಲ್ಲಿ ಕುದುರೆ ಓಟವೂ ನಡೆಯುತ್ತದೆ. ಇವೆಲ್ಲದರ ನಡುವೆ ಬ್ಯಾಂಡಿನ ಕೆಲಸ ಒಂದೇ ಬಗೆಯದ್ದಲ್ಲ. ಹಗಲು ಹೊತ್ತು ಯುವಕರು ಕುಣಿಯುತ್ತ ಸಾಗುವ ಲವಲವಿಕೆಯ ಮಾರ್ಚ್. ಸಂಜೆ ಚೌಕದಲ್ಲಿ ಅಲಂಕರಿಸಿದ ಮರದ ವೇದಿಕೆ ಏರಿ, ಕುಳಿತು ಕೇಳುವವರಿಗಾಗಿ ಗಂಭೀರ ಕಛೇರಿ. ಸಂತರ ಪ್ರತಿಮೆ ಚರ್ಚಿನ ಬಾಗಿಲು ದಾಟಿ ಹೊರಬರುವ ಕ್ಷಣದಲ್ಲಿ ಊರಿನ ಸ್ತುತಿಗೀತೆ. ಆಗ ವಾದ್ಯವಿಲ್ಲದ ಸಾವಿರ ಕಂಠಗಳೂ ಸೇರಿಕೊಳ್ಳುತ್ತವೆ. ಸಂತ ಜಾರ್ಜರ ಮರದ ಪ್ರತಿಮೆಯನ್ನು ಪಾವ್ಲೊ ಅಜ್ಜೊಪಾರ್ಡಿ ಎಂಬ ಶಿಲ್ಪಿ 1838ರಲ್ಲಿ ಕೆತ್ತಿದ್ದು. ಅಂದರೆ ಬ್ಯಾಂಡ್ ಹುಟ್ಟುವ ಮೊದಲೇ ಮೆರವಣಿಗೆಯಿತ್ತು. ಬ್ಯಾಂಡ್ ಬಂದು ಅದಕ್ಕೆ ದನಿ ಕೊಟ್ಟಿತು.

ಇದೇ ವಾದ್ಯಗಾರರು ಶುಭ ಶುಕ್ರವಾರದಂದು ಕಪ್ಪು ಬಟ್ಟೆ ತೊಟ್ಟು ಶೋಕದ ಮಾರ್ಚ್ ನುಡಿಸುತ್ತ ಮೆರವಣಿಗೆಯ ಹಿಂದೆ ನಿಧಾನವಾಗಿ ಹೆಜ್ಜೆ ಹಾಕುತ್ತಾರೆ. ಶುಭ ಶುಕ್ರವಾರಕ್ಕೆಂದೇ ಮಾಲ್ಟಾದ ರಚನಕಾರರು ಬರೆದ ಶೋಕ ಸಂಗೀತದ ದೊಡ್ಡ ಭಂಡಾರವೇ ಇದೆ.

ಬ್ಯಾಂಡ್ ಕಟ್ಟಿದ ಒಪೆರಾ ಮನೆ

ವಿಕ್ಟೋರಿಯಾದ ಸಂಘಗಳನ್ನು ಬೇರೆಲ್ಲ ಬ್ಯಾಂಡ್‌ಗಳಿಂದ ಬೇರೆಯಾಗಿಸುವುದು ಅವುಗಳ ರಂಗಮಂದಿರಗಳು. ಲಾ ಸ್ಟೆಲ್ಲಾ ಸಂಘ 1968ರ ಜನವರಿಯಲ್ಲಿ ಆಸ್ತ್ರಾ ರಂಗಮಂದಿರವನ್ನು ತೆರೆಯಿತು. ಲಿಯೋನೆ ಸಂಘ ಅದೇ ಬೀದಿಯಲ್ಲಿ 1976ರಲ್ಲಿ ಔರೋರಾ ರಂಗಮಂದಿರವನ್ನು ತೆರೆಯಿತು. ಸಾವಿರದಷ್ಟು ಜನ ಕುಳಿತುಕೊಳ್ಳಬಹುದಾದ ಎರಡು ಮಂದಿರಗಳು, 7 ಸಾವಿರ ಜನರ ಊರಿನಲ್ಲಿ!

1977ರ ಜನವರಿಯಲ್ಲಿ ಔರೋರಾದಲ್ಲಿ ಪುಚ್ಚೀನಿಯ ಮದಾಮಾ ಬಟರ್‌ಫ್ಲೈ ಒಪೆರಾ ನಡೆಯಿತು. ಗೋಜೊ ದ್ವೀಪ ಕಂಡ ಮೊದಲ ಪೂರ್ಣ ಪ್ರಮಾಣದ ಒಪೆರಾ ಅದು. ಆಸ್ತ್ರಾ ಸುಮ್ಮನಿರಲಿಲ್ಲ, ಮರುವರ್ಷವೇ ಅಲ್ಲಿಯೂ ಒಪೆರಾ ನಡೆಯಿತು. ಈಗ ಸಾಮಾನ್ಯವಾಗಿ ಅಕ್ಟೋಬರ್ ತಿಂಗಳಲ್ಲಿ, ಕೆಲವು ದಿನಗಳ ಅಂತರದಲ್ಲಿ ಒಂದೇ ಬೀದಿಯಲ್ಲಿ ಎರಡು ಒಪೆರಾಗಳು ನಡೆಯುತ್ತವೆ.

ಇದರ ಮಹತ್ವ ತಿಳಿಯಬೇಕಾದರೆ ರಾಜಧಾನಿ ವಲೆಟ್ಟಾದತ್ತ ನೋಡಬೇಕು. ಅಲ್ಲಿನ ಭವ್ಯ ರಾಯಲ್ ಒಪೆರಾ ಹೌಸ್ 1942ರ ಏಪ್ರಿಲಿನಲ್ಲಿ ಬಾಂಬಿಗೆ ಬಲಿಯಾಯಿತು. ಮತ್ತೆ ಕಟ್ಟಬೇಕೋ ಬೇಡವೋ ಎಂಬ ಚರ್ಚೆಯಲ್ಲೇ ದಶಕಗಳು ಕಳೆದವು. ಕೊನೆಗೆ 2013ರಲ್ಲಿ ಆ ಅವಶೇಷಗಳ ನಡುವೆ ಬಯಲು ರಂಗಮಂದಿರ ಬಂತು. ವಲೆಟ್ಟಾದಲ್ಲಿ ಹಳೆಯ ಮಾನುವೆಲ್ ರಂಗಮಂದಿರ ಇದ್ದರೂ, ಸರಕಾರದಿಂದ ಆಗದೆ ಉಳಿದ ಕೆಲಸವನ್ನು ಸಣ್ಣ ದ್ವೀಪದ ಎರಡು ಬ್ಯಾಂಡ್ ಸಂಘಗಳು ಮಾಡಿ ತೋರಿಸಿದವು ಎಂದರೆ ತಪ್ಪಾಗದು.

ಮುಖ್ಯ ಗಾಯಕರನ್ನು ಹೊರದೇಶಗಳಿಂದ ಕರೆಸುತ್ತಾರೆ, ವಾದ್ಯವೃಂದಕ್ಕೂ ಸಂಭಾವನೆ ಕೊಡುತ್ತಾರೆ. ಉಳಿದದ್ದೆಲ್ಲ ಊರಿನವರ ಕೈ. ಬಡಗಿ ದೃಶ್ಯ ಕಟ್ಟುತ್ತಾನೆ, ಗೃಹಿಣಿಯರು ಉಡುಪು ಹೊಲಿಯುತ್ತಾರೆ, ಶಿಕ್ಷಕರು, ಗುಮಾಸ್ತರು, ಅಂಗಡಿಯವರು ಹಗಲಿನ ಕೆಲಸ ಮುಗಿಸಿ ಬಂದು ಮೇಳದಲ್ಲಿ ಹಾಡುತ್ತಾರೆ. 2003ರಲ್ಲಿ ಆಸ್ತ್ರಾ ರಂಗಮಂದಿರ ಬೆಂಕಿಗೆ ಆಹುತಿಯಾದಾಗ ಸಂಘದವರು ಕೈಚೆಲ್ಲಿ ಕೂರಲಿಲ್ಲ. ಮಂದಿರವನ್ನು ಮತ್ತೆ ಕಟ್ಟಿ ನಿಲ್ಲಿಸಿದರು.

ಪೈಪೋಟಿಯ ಒಳಿತು ಮತ್ತು ಕೆಡುಕು

ಇಷ್ಟು ಓದಿದ ಮೇಲೆ ಯಾರಿಗಾದರೂ ಒಂದು ಪ್ರಶ್ನೆ ಬರುವುದು ಸಹಜ. ಇಬ್ಬರೂ ಕಥೋಲಿಕರು, ಒಂದೇ ಊರಿನವರು. ಇಬ್ಬರೂ ಸೇರಿ ಒಂದೇ ಬ್ಯಾಂಡ್, ಒಂದೇ ರಂಗಮಂದಿರ, ಒಂದೇ ಒಪೆರಾ ಮಾಡಬಾರದೇ? ಖರ್ಚು ಅರ್ಧವಾಗುತ್ತಿತ್ತಲ್ಲ?

ಲೆಕ್ಕಕ್ಕೆ ಇದು ಸರಿ. ಆದರೆ ಇತಿಹಾಸ ಬೇರೆಯೇ ಹೇಳುತ್ತದೆ. ಒಬ್ಬರು ಮಂದಿರ ಕಟ್ಟಿದ್ದರಿಂದಲೇ ಇನ್ನೊಬ್ಬರು ಕಟ್ಟಿದರು. ಒಬ್ಬರು ಒಪೆರಾ ಮಾಡಿದ್ದರಿಂದಲೇ ಇನ್ನೊಬ್ಬರು ಮಾಡಿದರು. ಪಕ್ಕದ ಮನೆಯ ಮಗು ಕ್ಲಾರಿನೆಟ್ ಕಲಿತದ್ದನ್ನು ಕಂಡು ನಮ್ಮ ಮಗುವನ್ನೂ ಕಳುಹಿಸಿದರು. ಒಂದೇ ಸಂಘ ಇದ್ದಿದ್ದರೆ ಎರಡರ ಅರ್ಧದಷ್ಟಾದರೂ ಕೆಲಸ ಆಗುತ್ತಿತ್ತೇ ಎಂಬುದು ಸಂಶಯ.

ಹಾಗೆಂದು ಪೈಪೋಟಿಯನ್ನು ಹೊಗಳಿ ಸುಮ್ಮನಾಗುವಂತಿಲ್ಲ. ಮಾಲ್ಟಾದ ಹಳ್ಳಿಗಳಲ್ಲಿ ಬ್ಯಾಂಡ್ ಪಂಗಡಗಳ ಜಗಳ ಮನೆಗಳನ್ನು ಒಡೆದದ್ದೂ ಉಂಟು. ಈ ಸಂಗತಿಯನ್ನು ಆಳವಾಗಿ ಅಭ್ಯಾಸ ಮಾಡಿದವರು ಮಾನವಶಾಸ್ತ್ರಜ್ಞ ಜೆರೆಮಿ ಬೋಯ್ಸೆವೈನ್ (1928–2015). ಸಂತರು ಮತ್ತು ಸುಡುಮದ್ದು ಎಂಬ ಅರ್ಥದ ಹೆಸರಿನಲ್ಲಿ 1965ರಲ್ಲಿ ಬಂದ ಅವರ ಇಂಗ್ಲಿಷ್ ಪುಸ್ತಕ, ಬೇರೆ ಬೇರೆ ಸಂತರ ಹೆಸರಿನಲ್ಲಿ ಊರು ಎರಡಾಗುವ ಬಗೆಯನ್ನು ವಿವರಿಸುತ್ತದೆ. ಹಬ್ಬ ಸಂತರದ್ದೋ, ಸಂಘದ್ದೋ ಎಂಬ ಪ್ರಶ್ನೆ ಅಲ್ಲಿನ ಧರ್ಮಾಧ್ಯಕ್ಷರನ್ನೂ ಧರ್ಮಗುರುಗಳನ್ನೂ ಬಹುಕಾಲ ಕಾಡಿದೆ. ಮೆರವಣಿಗೆ ಎಷ್ಟು ಹೊತ್ತು, ಬ್ಯಾಂಡ್ ಎಲ್ಲಿಯವರೆಗೆ, ಅಲಂಕಾರ ಎಷ್ಟು ಎಂಬುದಕ್ಕೆ ಧರ್ಮಸಭೆ ಮತ್ತೆ ಮತ್ತೆ ನಿಯಮಗಳನ್ನು ತರಬೇಕಾಯಿತು. ಒಳಗೆ ದಿವ್ಯ ಬಲಿಪೂಜೆ ನಡೆಯುತ್ತಿರುವಾಗ ಹೊರಗೆ ಬೀದಿಯಲ್ಲಿ ಬ್ಯಾಂಡಿನೊಡನೆ ಕುಣಿಯುವ ಯುವಕರನ್ನು ಕಂಡು ಬೇಸರಪಡುವ ಗುರುಗಳು ಅಲ್ಲಿಯೂ ಇದ್ದಾರೆ, ಇಲ್ಲಿಯೂ ಇದ್ದಾರೆ.

ಬೋಯ್ಸೆವೈನ್ ಅವರ ಇನ್ನೊಂದು ಅನುಭವ ನಮಗೆ ಹೆಚ್ಚು ಮುಖ್ಯ. ವಲಸೆ, ಸಿನಿಮಾ, ಫುಟ್‌ಬಾಲ್, ರಾಜಕೀಯ ಇವೆಲ್ಲದರಿಂದ ಹಬ್ಬದ ಸಂಭ್ರಮ ಕ್ರಮೇಣ ಸೊರಗುತ್ತದೆ ಎಂದು 1960ರ ದಶಕದಲ್ಲಿ ಅವರು ಅಂದುಕೊಂಡಿದ್ದರು. ಮುಂದಿನ ದಶಕಗಳಲ್ಲಿ ಮತ್ತೆ ಬಂದು ನೋಡಿದಾಗ ಹಬ್ಬಗಳು ಸೊರಗಿರಲಿಲ್ಲ, ಬೆಳೆದಿದ್ದವು. ತಮ್ಮ ಅಂದಾಜು ತಪ್ಪಾಯಿತೆಂದು ಅವರೇ ಬರೆದರು. ಪಟ್ಟಣದ ಫ್ಲಾಟಿಗೆ ಹೋದವರು, ಪರದೇಶಕ್ಕೆ ಹೋದವರು ವರ್ಷಕ್ಕೊಮ್ಮೆಯಾದರೂ ತಮ್ಮ ಊರಿನವರಾಗಿ ಇರಲು ಬಯಸಿದರು. ಆ ಬಯಕೆಗೆ ಜಾಗ ಕೊಟ್ಟದ್ದು ಹಬ್ಬ ಮತ್ತು ಬ್ಯಾಂಡ್.

ಇಂದಿನ ಸವಾಲು

2020ರಲ್ಲಿ ಕೊರೊನಾ ಕಾರಣದಿಂದ ಮಾಲ್ಟಾದಲ್ಲಿ ಹಬ್ಬದ ಹೊರಗಿನ ಆಚರಣೆಗಳೆಲ್ಲ ರದ್ದಾದವು. ಯುದ್ಧಕಾಲದ ಬಳಿಕ ಬೀದಿ ಅಷ್ಟೊಂದು ಮೌನವಾದದ್ದು ಅಪರೂಪ. ಜೊತೆಗೆ ಜಾಗದ ಬೆಲೆ ಏರಿದಂತೆ ಬಾಡಿಗೆ ಕಟ್ಟಡದಲ್ಲಿರುವ ಬ್ಯಾಂಡ್ ಸಂಘಗಳಿಗೆ ಒಕ್ಕಲೆಬ್ಬಿಸುವ ಭಯ ಎದುರಾಗಿದೆ. ಮಾಲ್ಟಾ ದ್ವೀಪದ ಒಂದು ಸಂಘದ ವಿರುದ್ಧ ನ್ಯಾಯಾಲಯದ ತೀರ್ಪು ಬಂದಾಗ, 2018ರಲ್ಲಿ ಸಂಸತ್ತು ಕಾನೂನು ತಿದ್ದಿ ಇಂತಹ ಸಂಘಗಳ ರಕ್ಷಣೆಗೆ ಮುಂದಾಯಿತು. 2023ರಲ್ಲಿ ಯುನೆಸ್ಕೊ ಮಾಲ್ಟಾದ ಊರ ಹಬ್ಬವನ್ನು ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಗೌರವವೇನೋ ಬಂತು. ಆದರೆ ಸಂಜೆ ಆರು ಗಂಟೆಗೆ ಮೊಬೈಲು ಬದಿಗಿಟ್ಟು ಸ್ವರಲಿಪಿ ಕಲಿಯಲು ಮಗು ಬಂದೀತೇ ಎಂಬುದನ್ನು ಯಾವ ಪಟ್ಟಿಯೂ ನಿರ್ಧರಿಸುವುದಿಲ್ಲ.

ನಮಗೇನು ಪಾಠ?

ವಿಕ್ಟೋರಿಯಾದಂತೆ ನಮ್ಮ ಪ್ರತಿ ಚರ್ಚ್ ರಂಗಮಂದಿರ ಕಟ್ಟಬೇಕೆಂದು ನಾವು ಹೇಳುತ್ತಿಲ್ಲ, ಅದು ಆಗುವ ಮಾತೂ ಅಲ್ಲ. ಆದರೆ ಮೂರು ಸಂಗತಿಗಳನ್ನು ನಮ್ಮ ಪಾಲನಾ ಮಂಡಳಿಗಳು, ವಾಳೆಯ ಗುರಿಕಾರರು, ಯುವ ಸಂಚಾಲನದ ಮುಂದಾಳುಗಳು ಯೋಚಿಸಬಹುದು.

ಮೊದಲನೆಯದು, ವಾದ್ಯ ಸಂಘದ್ದು, ಕಲಿಕೆ ಉಚಿತ ಎಂಬ ನಿಯಮ. ಒಂದೆರಡು ಹಬ್ಬದ ಬ್ಯಾಂಡ್ ಖರ್ಚನ್ನು ಕೂಡಿಟ್ಟರೆ ಕೆಲವು ವಾದ್ಯಗಳನ್ನಾದರೂ ಕೊಳ್ಳಬಹುದು. ಕೊಂಡ ವಾದ್ಯ ಹತ್ತಾರು ವರ್ಷ ಉಳಿಯುತ್ತದೆ, ಕಲಿತ ಮಗು ಇನ್ನೊಂದು ಮಗುವಿಗೆ ಕಲಿಸುತ್ತದೆ. ಎರಡನೆಯದು, ನುಡಿಸಲು ಬಾರದವರಿಗೂ ಸಂಘದಲ್ಲಿ ಜಾಗ ಇರಬೇಕು. ಹೊಲಿಯುವವರು, ಲೆಕ್ಕ ಬರೆಯುವವರು, ಕುರ್ಚಿ ಜೋಡಿಸುವವರು ಇಲ್ಲದಿದ್ದರೆ ಮಾಯೆಸ್ತ್ರೊ ಒಬ್ಬರೇ ಏನು ಮಾಡಿಯಾರು? ಮೂರನೆಯದು, ಹಬ್ಬದ ಗದ್ದಲದಲ್ಲಿ ಹಬ್ಬ ಯಾರದ್ದೆಂಬುದು ಮರೆಯಬಾರದು. ಈ ಎಚ್ಚರಿಕೆ 160 ವರ್ಷಗಳ ಬಳಿಕವೂ ಗೋಜೊದವರಿಗೆ ಬೇಕಾಗಿದೆ ಎಂದಾದರೆ ನಮಗೆ ಇನ್ನೂ ಹೆಚ್ಚು ಬೇಕು.

ಮುಂದಿನ ಹಬ್ಬದ ತಯಾರಿಯ ಸಭೆಯಲ್ಲಿ “ಯಾರನ್ನು ಕರೆಸುವುದು?” ಎಂಬ ಪ್ರಶ್ನೆಯ ಜೊತೆಗೆ “ನಮ್ಮ ಮಕ್ಕಳಲ್ಲಿ ಯಾರು ಕಲಿಯುತ್ತಾರೆ?” ಎಂಬ ಇನ್ನೊಂದು ಪ್ರಶ್ನೆಯನ್ನೂ ಯಾರಾದರೂ ಎತ್ತಿದರೆ ಈ ಲೇಖನ ಬರೆದದ್ದು ಸಾರ್ಥಕವೆಂದು ನಾವು ತಿಳಿಯುತ್ತೇವೆ.